ಕೆಚ್ಚಿಗೆ ಕೂತ ಚಿಗವ್ವ

ಸಾವುಕಾರರ ಗೋಡೆ ಗಡಿಯಾರದಲ್ಲಿ ಆಗ ಹನ್ನೆರಡಕ್ಕೆ ಹತ್ತು ನಿಮಿಷ ಕಡಿಮೆ ಇತ್ತು. ಬುತ್ತಿಯ ಗಂಟನ್ನು ಕೆಳಗಿಟ್ಟು ನಾನು ಕತ್ತೆತ್ತಿ ನೋಡಿದ್ದರಿಂದ ಆ ಹೊತ್ತು ಇಂದಿಗೂ ನೆನಪಿದೆ. ಗಡಿಯಾರ ಹನ್ನೆರಡು ಹೊಡೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೊನ್ನೆ ನಮ್ಮ ಬಚ್ಚಲ ಒಲೆಯ ಬೂದಿಯ ಮೇಲೆ ಸೊಸೆಯ ಕೈ ತಪ್ಪಿ ನೀರು ಚೆಲ್ಲಿತು. ಒದ್ದೆ ಬೂದಿಯ ಆ ವಾಸನೆ... ಹೊರಗೆ ಪತ್ರಿಕೆ ಓದುತ್ತ ಕೂತಿದ್ದ ನಾನು ಎದ್ದು ನಿಂತುಬಿಟ್ಟೆ. ಬಲಗೈ ಹೆಬ್ಬೆರಳು ತಾನಾಗಿಯೇ ಮುಷ್ಟಿಯೊಳಗೆ ಸೇರಿತ್ತು. ಏನಾಯಿತೆಂದು ಸೊಸೆ ಕೇಳಿದಳು. ಏನೂ ಇಲ್ಲ ಎಂದೆ. ಚಿಗವ್ವನ ತೆಂಗಿನ ಚಿಪ್ಪಿನಲ್ಲಿದ್ದ ಬೂದಿ ಅಂದು ಒದ್ದೆಯಾದದ್ದು ನೀರಿನಿಂದಲ್ಲ ಎಂಬುದನ್ನು ಆಕೆಗೆ ಹೇಗೆ ಹೇಳಲಿ?

ಚಿಗವ್ವ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರೂ ಆಕೆ ನಮಗೆ ರಕ್ತಸಂಬಂಧಿಯಲ್ಲ. ರಬಕವಿಯಲ್ಲಿ ನಮ್ಮ ಮನೆಗೂ ಆಕೆಯ ಮನೆಗೂ ನಡುವೆ ಇದ್ದದ್ದು ಒಂದು ಮಣ್ಣಿನ ಗೋಡೆ. ಮಕ್ಕಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಕೆಚ್ಚು ಹಾಕಿ ಬದುಕುತ್ತಿದ್ದಳು. ನೇಕಾರರ ಊರು ಕಾಣದವರಿಗೆ ಈ ಕೆಲಸ ಗೊತ್ತಿರಲಿಕ್ಕಿಲ್ಲ. ಮಗ್ಗದ ಮೇಲೆ ಉದ್ದಕ್ಕೆ ಹೂಡಿದ ನೂಲಿಗೆ ಹಾಸು ಎನ್ನುತ್ತಾರೆ. ಒಂದು ಹಾಸು ನೇಯ್ದು ಮುಗಿಯುತ್ತ ಬಂದಾಗ, ಅದರ ತುದಿಯ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಕೂಡಿಸಬೇಕು. ಅದೇ ಕೆಚ್ಚು. ಎದುರಿಗೆ ಕೂತವನು ಎಳೆ ಆರಿಸಿ ಕೊಡುತ್ತಾನೆ. ಕೆಚ್ಚುವವಳು ಬೂದಿ ಮುಟ್ಟಿದ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಎರಡೂ ತುದಿಗಳನ್ನು ಹಿಡಿದು ತಿರುವುತ್ತಾಳೆ. ಹೀಗೆ ಸಾವಿರಾರು ಎಳೆ. ಚಿಗವ್ವ ತಿರುವಿದ ಎಳೆ ಕಡಿಯಿತು ಎಂದು ಯಾರೂ ಹೇಳಿದ್ದು ನಾನು ಕೇಳಿಲ್ಲ.

ನಮ್ಮ ಕಡೆ ಮಗ್ಗಗಳು ನೆಲದಲ್ಲಿ ತೋಡಿದ ಕುಣಿಯ ಮೇಲಿದ್ದವು. ನೇಕಾರ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರುತ್ತಿದ್ದ. ಸಾವುಕಾರರ ಮಗ್ಗದಲ್ಲಿ ಕೂಲಿಗೆ ನೇಯುವವನಿಗೆ ಬರಹದ ಕರಾರು ಏನೂ ಇರಲಿಲ್ಲ. ಕೆಚ್ಚಿನ ದಿನ ಯಾರು ಎಳೆ ಕೊಡುತ್ತಾರೋ, ಆ ಹಾಸು ಮುಗಿಯುವ ತನಕ ಕುಣಿ ಅವನದು. ಹಾಸು ಮುಗಿದ ದಿನ ಅವನು ಮತ್ತೆ ಯಾರೂ ಅಲ್ಲ. ಸಾವುಕಾರ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಸು ತೀರುತ್ತ ಬಂದ ವಾರ ನಮ್ಮ ಓಣಿಯ ಗಂಡಸರು ಹೆಂಡಿರ ಮೇಲೆ ಕೈ ಮಾಡುತ್ತಿದ್ದರು. ಸೆರೆ ಕುಡಿದು ಒಬ್ಬರ ಮೈಮೇಲೆ ಒಬ್ಬರು ಬೀಳುತ್ತಿದ್ದರು. ಹೊಸ ಕೆಚ್ಚು ಬಿದ್ದ ಸಂಜೆ ಅದೇ ಮನೆಗಳಿಂದ ನಗು ಕೇಳಿಸುತ್ತಿತ್ತು.

ಇನ್ನೊಂದು ಕಟ್ಟಳೆಯೂ ಇತ್ತು. ಕೆಚ್ಚಿಗೆ ಕೂತವಳು ಅರ್ಧಕ್ಕೆ ಏಳುವಂತಿಲ್ಲ. ಎದ್ದರೆ ಆ ಮಗ್ಗ ಮನೆಯವರನ್ನು ನುಂಗುತ್ತದೆ ಎಂದು ಎಲ್ಲರೂ ನಂಬಿದ್ದರು. ನಾನು ಶಾಲೆಯ ಮಾಸ್ತರರ ಮಗ, ಕೊಲ್ಹಾಪುರದಲ್ಲಿ ಕಾಲೇಜು ಓದುತ್ತಿದ್ದವನು, ಈ ಮಾತಿಗೆ ನಕ್ಕಿದ್ದೆ. ಚಿಗವ್ವ ನನ್ನನ್ನು ಬೈದಿರಲಿಲ್ಲ. ಎಳೆ ತಿರುವುತ್ತಲೇ ಇದ್ದಳು.

ಕೆಲಸದ ಹೊತ್ತಿನಲ್ಲಿ ಆಕೆ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎದುರಿನವನ ಕೈಗಳ ಜೊತೆಗೇ ಮಾತು. ಬನಹಟ್ಟಿಯ ಸಾವುಕಾರರೊಬ್ಬರ ಮಗ್ಗದ ಮನೆಯಲ್ಲಿ ಮೂಲೆಯ ಮಗ್ಗಕ್ಕೆ ಕೂರುತ್ತಿದ್ದ ಒಬ್ಬ ಎತ್ತರದ ನೇಕಾರನಿದ್ದ. ಎಲ್ಲರೂ ಅವನನ್ನು ಮೂಲಿ ಮಗ್ಗದವ ಎಂದೇ ಕರೆಯುತ್ತಿದ್ದರು. ಅವನ ಕೈ ಕಂಡರೆ ಚಿಗವ್ವನಿಗೆ ಬಾಯಿ ಬಿಚ್ಚಿಕೊಳ್ಳುತ್ತಿತ್ತು.

"ಒನಕಿ ಆಗ್ಯಾವಲ್ಲೋ ನಿನ್ನ ಬಟ್ಟು. ಇದರಾಗ ಎಳಿ ಹಿಡಿತಿಯೋ, ಎತ್ತಿನ ಹಗ್ಗಾ ಹಿಡಿತಿಯೋ?"

"ನೀ ಬೈದ್ರನ ಹಾಸು ಗಟ್ಟಿ ಆಗತೈತಿ ಚಿಗವ್ವ. ಇನ್ನೊಂದೀಟು ಬೈ."

ಆ ಮಗ್ಗದ ಮನೆಯಲ್ಲಿ ಎಷ್ಟೋ ವರ್ಷ ಅವನು ಎಳೆ ಕೊಟ್ಟ, ಆಕೆ ತಿರುವಿದಳು.

ಆಮೇಲೆ ಯುದ್ಧ ಬಂತು. ನೂಲು ಬರುವುದು ಕಡಿಮೆಯಾಯಿತು. ಬಂದ ನೂಲಿಗೆ ಸಾವುಕಾರರು ಗಿಡ್ಡ ಹಾಸು ಹೂಡಿಸತೊಡಗಿದರು, ನಾಲ್ಕು ಮಗ್ಗ ನಿಲ್ಲಿಸಿದರು. ಮುಂಜಾನೆ ಬಾಗಿಲು ತೆಗೆಯುವ ಮೊದಲೇ ಕೂಲಿ ನೇಕಾರರು ಬಂದು ನಿಂತಿರುತ್ತಿದ್ದರು. ಒಬ್ಬನ ಅಂಗಿಯನ್ನು ಇನ್ನೊಬ್ಬ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದ. ಒಂದು ದಿನ ಬಾಗಿಲ ಸಂದಿಯಲ್ಲಿ ಸಿಕ್ಕು ಒಬ್ಬನ ಮುಂಗೈ ಮುರಿಯಿತು. ಒಳಗೆ ಹೋದವರು ತಿರುಗಿ ನೋಡಲಿಲ್ಲ. ಕೆಚ್ಚಿನ ಕರೆ ಬಾರದ ದಿನ ಚಿಗವ್ವ ನಮ್ಮ ಮನೆಗೆ ಬಂದು ದೇವರ ಬತ್ತಿ ಹೊಸೆದು ಕೊಡುತ್ತೇನೆ ಎನ್ನುತ್ತಿದ್ದಳು. ಅವ್ವ ಬೇಡ ಎನ್ನದೆ ಅರಳೆ ಮುಂದಿಟ್ಟು ರೊಟ್ಟಿ ಬಡಿಯುತ್ತಿದ್ದಳು. ನಮ್ಮ ಜಗಲಿಯ ಮೇಲೆ ಒಂದು ವರ್ಷಕ್ಕಾಗುವಷ್ಟು ಬತ್ತಿ ಸೇರಿತ್ತು.

ನನಗೆ ರಜೆ ಇದ್ದ ಆ ದಿನ, ಚಿಗವ್ವ ಮುಂಜಾನೆಯೇ ಬನಹಟ್ಟಿಗೆ ಕೆಚ್ಚಿಗೆ ಹೋಗಿದ್ದಾಳೆ, ಬುತ್ತಿ ಕೊಟ್ಟು ಬಾ ಎಂದು ಅವ್ವ ಕಳಿಸಿದಳು. ಎರಡು ಊರುಗಳ ನಡುವೆ ಹೆಚ್ಚು ದೂರವಿಲ್ಲ. ಆದರೆ ರಬಕವಿ ಒಂದು ಸಂಸ್ಥಾನದ್ದು, ಬನಹಟ್ಟಿ ಇನ್ನೊಂದರದ್ದು. ಅಲ್ಲಿಯ ಸಿಪಾಯಿ ಇಲ್ಲಿಗೆ ಬಾರ, ಇಲ್ಲಿಯವನು ಅಲ್ಲಿಗೆ ಹೋಗ.

ನಾನು ಹೋದಾಗ ಉಳಿದ ನೇಕಾರರು ಊಟಕ್ಕೆ ಎದ್ದು ಹೋಗಿದ್ದರು. ಮೂಲೆಯ ಮಗ್ಗದ ಹತ್ತಿರ ಚಿಗವ್ವ ತಲೆ ಬಗ್ಗಿಸಿ ಕೂತಿದ್ದಳು. ಎದುರಿಗೆ ಎಳೆ ಕೊಡುತ್ತಿದ್ದವನು ಮೂಲಿ ಮಗ್ಗದವನಲ್ಲ. ಬೀಳಗಿ ಕಡೆಯಿಂದ ಕೆಲಸ ಹುಡುಕಿ ಬಂದ ಒಬ್ಬ ನೇಕಾರ. ನಡುವಯಸ್ಸು, ಕಣ್ಣು ಒಳಗೆ ಹೋಗಿದ್ದವು. ಚಿಗವ್ವನ ಮುಖ ಬಿಗಿದಿತ್ತು. ಯಾವ ಬೈಗುಳವೂ ಇರಲಿಲ್ಲ. ಆಮೇಲೆ ಆಕೆಯೇ ಹೇಳಿದಳು, ನಡೆದದ್ದು ಇಷ್ಟು. ಮೂಲಿ ಮಗ್ಗದವ ಬಣ್ಣದವರ ಕಡೆ ನೂಲು ತರಲು ಹೋಗಿದ್ದಾನೆ, ಈಗ ಬಂದು ಕೂಡುತ್ತಾನೆ, ಅಲ್ಲಿಯ ತನಕ ಈತ ನಾಲ್ಕು ಎಳೆ ಕೊಡಲಿ, ನೀನು ಸುರು ಮಾಡು ಎಂದು ಸಾವುಕಾರರು ಹೇಳಿದ್ದರು. ಆಕೆ ಸುರು ಮಾಡಿದ್ದಳು. ಅರ್ಧ ಹಾಸು ಕೂಡಿದರೂ ಅವನು ಬರಲಿಲ್ಲ. ಅವನನ್ನು ಬೇಕೆಂದೇ ದೂರ ಕಳಿಸಿದ್ದಾರೆ, ಬೀಳಗಿ ಕಡೆಯವನು ಕಡಿಮೆ ಕೂಲಿಗೆ ಒಪ್ಪಿದ್ದಾನೆ ಎಂಬುದು ಆಕೆಗೆ ಹೊಳೆಯಿತು. ಆದರೆ ಕೆಚ್ಚಿಗೆ ಕೂತಾಗಿತ್ತು. ಏಳುವಂತಿರಲಿಲ್ಲ. ಸಾವುಕಾರರು ಎಣಿಸಿದ್ದೂ ಅದನ್ನೇ.

ನಾನು ಬುತ್ತಿ ಇಳಿಸಿ ಕೂತು, ಗಡಿಯಾರ ನೋಡಿ ಕಣ್ಣು ಇಳಿಸುವಷ್ಟರಲ್ಲಿ ಬಾಗಿಲಲ್ಲಿ ಮೂಲಿ ಮಗ್ಗದವ ನಿಂತಿದ್ದ. ಹೆಗಲ ಮೇಲೆ ಕೆಂಪು ಬಣ್ಣದ ಹಸಿ ನೂಲು, ಮೊಣಕೈ ತನಕ ಕೆಂಪು. ಅವನು ಚಿಗವ್ವನನ್ನಾಗಲಿ ನನ್ನನ್ನಾಗಲಿ ನೋಡಲಿಲ್ಲ. ಎಳೆ ಹಿಡಿದಿದ್ದ ಆ ಇನ್ನೊಬ್ಬನ ಕೈಗಳನ್ನು ನೋಡಿದ. ನೂಲನ್ನು ನೆಲಕ್ಕೆ ಬಿಟ್ಟ. ಹಿತ್ತಲಿಗೆ ಹೋದ. ಮರಳಿ ಬಂದಾಗ ಕೈಯಲ್ಲಿ ಮೇವು ಕಡಿಯುವ ಕುಡುಗೋಲಿತ್ತು. ಒಳಗಿನಿಂದ ಬಾಗಿಲಿಗೆ ಅಗಳಿ ಹಾಕಿದ.

ನಾನು ಏಳಲು ಹೋದೆ. ಕುಡುಗೋಲಿನ ತುದಿ ನನ್ನ ಕೆನ್ನೆಗೆ ಬಂತು. ತಣ್ಣಗಿತ್ತು. ಮೇವಿನ ಹಸಿ ವಾಸನೆ ಬರುತ್ತಿತ್ತು.

"ಮಾಸ್ತರ ಮಗನ, ನೀ ಕೂಡು. ನಿನಗೂ ಇದಕ್ಕೂ ಸಂಬಂಧಿಲ್ಲ."

ನಾನು ಕೂತೆ. ಇಷ್ಟು ವರ್ಷಗಳಲ್ಲಿ ನೆನಪಿನಲ್ಲಿ ನಾನು ಎಷ್ಟೋ ಸಲ ಅಲ್ಲಿ ಕೂತಿದ್ದೇನೆ. ಕೆನ್ನೆಯ ಮೇಲಿನ ಆ ತಣುಪು ಹೋಗಿ, ತುದಿ ಚಿಗವ್ವನ ಕಡೆ ತಿರುಗುವ ಗಳಿಗೆ... ಅಲ್ಲಿಗೆ ಬಂದಾಗ ಈಗಲೂ ಕೈ ಕೆನ್ನೆಗೆ ಹೋಗುತ್ತದೆ.

"ಕೈ ತಗಿ ಚಿಗವ್ವ," ಎಂದ.

ಆಕೆ ತಲೆ ಎತ್ತಿದಳು. ಕೆಚ್ಚಿನ ನಡುವೆ ಆಕೆ ಒಬ್ಬನ ಮುಖ ನೋಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ನೀ ಬರತಿ ಅಂತ ಹೇಳಿ ಸಾವುಕಾರ ಕುಂಡ್ರಿಸ್ಯಾನೋ ಯಪ್ಪಾ. ಸುಳ್ಳ ಹೇಳಿದಾಂವ ಅಂವ."

"ಕೈ ತಗಿ. ಕಡಿದು ಒಗಿತೇನಿ ಇದನ್ನ."

"ಅರ್ಧಾ ಆಗೈತಿ. ಹೆಂಗ ಏಳ್ಲಿ? ನೀನ ಬಾ. ಇಲ್ಲಿ ಕೂಡು. ಇಲ್ಲಿಂದ ಮುಂದ ನೀ ಎಳಿ ಕೊಡು."

ಬೀಳಗಿ ಕಡೆಯವನು ಆಗಲೇ ಎಳೆಯನ್ನು ಕೆಳಗಿಟ್ಟು ಹಿಂದಕ್ಕೆ ಸರಿದಿದ್ದ. ಎರಡೂ ಕೈ ಮೇಲೆತ್ತಿ, ತನಗೆ ಈ ಕುಣಿ ಬೇಡವೆಂದು, ಹೋಗಲು ಬಿಟ್ಟರೆ ಸಾಕೆಂದು ಹೇಳುತ್ತಿದ್ದ. ಚಿಗವ್ವ ಬೂದಿ ಮೆತ್ತಿದ ಎಡಗೈಯಿಂದ ಎದುರಿನ ಜಾಗವನ್ನು ತಟ್ಟಿ ತೋರಿಸಿದಳು. ಮೂಲಿ ಮಗ್ಗದವನ ಕೈ ಇಳಿಯಿತು. ನಾನು ಕಣ್ಣಾರೆ ಕಂಡಿದ್ದೇನೆ, ಇಳಿಯಿತು. ಅವನು ಒಂದು ಮೊಣಕಾಲು ಮಡಚಿದ. ಕೂರುತ್ತಿದ್ದ.

ಅಷ್ಟರಲ್ಲಿ ಹೊರಗಿನಿಂದ ಬಾಗಿಲು ಬಡಿದರು. ಗುಮಾಸ್ತ ಒದರುತ್ತಿದ್ದ. ಅವನ ಹಿಂದೆ ಸಾವುಕಾರರ ದನಿ, ಏನೂ ಏರದೆ, ದಿನದ ಕೆಲಸ ಹೇಳುವ ಹಾಗೆ ಬಂತು.

"ಒದ್ದು ಹೊರಗ ಹಾಕ್ರಿ ಅಂವನ್ನ. ಇನ್ನ ಈ ಎರಡೂ ಊರಾಗ ಯಾ ಕುಣ್ಯಾಗೂ ಅಂವ ಕೂಡಂಗಿಲ್ಲ."

ಮಡಚಿದ ಕಾಲು ಎದ್ದಿತು. ಕುಡುಗೋಲು ಮೇಲೆ ಹೋಯಿತು. ಅವನು ಬೀಸಿದ್ದು ಹಾಸಿನ ನೂಲಿನ ಮೇಲೆ. ಅದನ್ನು ನಾನು ಕೋರ್ಟಿನಲ್ಲೂ ಹೇಳಿದೆ. ಆದರೆ ಆ ಕ್ಷಣದಲ್ಲಿ ಚಿಗವ್ವ, ಮುಂಜಾನೆಯಿಂದ ತಾನು ಕೂಡಿಸಿದ ಎಳೆಗಳ ಮೇಲೆ ಬಲಗೈಯನ್ನು ಅಗಲವಾಗಿ ಚಾಚಿ ಮುಚ್ಚಿದಳು. ಬಿಗಿಯಾಗಿ ಹೂಡಿದ ಹಾಸು ಒಮ್ಮೆಗೇ ಕಡಿದು ಎರಡೂ ಕಡೆ ಹಾರಿತು. ನನ್ನ ಮುಖದ ಮೇಲೆ ನೂಲು ಬಿತ್ತು, ಬಿಸಿಯಾದದ್ದೇನೋ ಸಿಡಿಯಿತು. ಚಿಗವ್ವ ಚೀರಲಿಲ್ಲ. ಎಡಗೈಯಿಂದ ಆ ನೂಲಿನ ರಾಶಿಯೊಳಗೆ ಹುಡುಕುತ್ತಿದ್ದಳು.

"ನನ್ನ ಬಟ್ಟು ಎಲ್ಲಿ ಬಿದ್ದಾವ ನೋಡ್ರಿ... ಯಾರರ ನೋಡ್ರಿ."

ಹೆಬ್ಬೆರಳು ಕುಣಿಯಲ್ಲಿ ಬಿದ್ದಿತ್ತು. ತೋರುಬೆರಳು ಚಿಪ್ಪಿನ ಬೂದಿಯಲ್ಲಿತ್ತು. ಬೂದಿ ಕಪ್ಪಾಗಿ ಹೆಪ್ಪುಗಟ್ಟುತ್ತಿತ್ತು. ಗೋಡೆಯ ಮೇಲೆ ಗಡಿಯಾರ ಹನ್ನೆರಡು ಹೊಡೆಯತೊಡಗಿತು.

ಬಾಗಿಲು ಮುರಿದು ಬಡಿಗೆ ಹಿಡಿದವರು ನುಗ್ಗಿದರು. ಅವನು ಹಿತ್ತಲ ಗೋಡೆ ಹಾರಿ ಓಡಿದ. ನನ್ನ ಧೋತರದ ಅಂಚು ಹರಿದು ಚಿಗವ್ವನ ಕೈಗೆ ಸುತ್ತಿ, ಸಿಕ್ಕ ಚಕ್ಕಡಿಯಲ್ಲಿ ಆಕೆಯನ್ನು ಹಾಕಿಕೊಂಡು ರಬಕವಿಯ ಡಾಕ್ಟರರ ಕಡೆ ಹೊರಟೆ. ಎರಡು ಸಂಸ್ಥಾನಗಳ ಗಡಿಯ ಹತ್ತಿರ ಬನಹಟ್ಟಿಯ ಇಬ್ಬರು ಸಿಪಾಯಿಗಳು ನಿಂತುಬಿಟ್ಟಿದ್ದರು. ಅವರಿಗೆ ಗಡಿ ಇತ್ತು. ಬಡಿಗೆ ಹಿಡಿದವರಿಗೆ ಇರಲಿಲ್ಲ. ಗಡಿಯಾಚೆ ಮೂಲಿ ಮಗ್ಗದವನನ್ನು ಕೆಡವಿ ಹೊಡೆಯುತ್ತಿದ್ದರು. ಹೊಡೆಯುವವರಲ್ಲಿ ಸಾವುಕಾರರ ಆಳುಗಳಿಗಿಂತ ಕೂಲಿ ನೇಕಾರರೇ ಹೆಚ್ಚು ಇದ್ದರು. ತಾನು ಹೊಡೆದದ್ದನ್ನು ಗುಮಾಸ್ತ ನೋಡಲಿ ಎಂದು ಒಬ್ಬೊಬ್ಬನೂ ಮುಂದೆ ನುಗ್ಗುತ್ತಿದ್ದ. ಹಿಂದೆ ಮುಂಗೈ ಮುರಿದುಕೊಂಡವನು ಕೂಡ ಅಲ್ಲಿದ್ದ, ಕಾಲಿನಿಂದ ಒದೆಯುತ್ತಿದ್ದ.

ಚಕ್ಕಡಿಯಲ್ಲಿ ಮಲಗಿದ್ದ ಚಿಗವ್ವ ಕಣ್ಣು ತೆರೆದಳು. "ಕೊಲ್ಲಬ್ಯಾಡ್ರಿ ಅನ್ನು," ಎಂದಳು. "ಅಂವ ಸತ್ರ ನಾ ಯಾರನ್ನ ಕೇಳ್ಲಿ?"

ನಾನು ಇಳಿದು ಕೂಗಿದೆ. ಬಡಿಗೆಯ ಒಂದು ಏಟು ನನ್ನ ಹೆಗಲಿಗೆ ಬಿತ್ತು. ಆದರೂ ಗುಂಪು ಸ್ವಲ್ಪ ಸಡಿಲಾಯಿತು. ಅವನಲ್ಲಿ ಉಸಿರಿತ್ತು. ಕಾಲು ಹಿಡಿದು ಮತ್ತೆ ಬನಹಟ್ಟಿಯ ಕಡೆಗೆ ಎಳೆದು ಸಿಪಾಯಿಗಳಿಗೆ ಒಪ್ಪಿಸಿದರು.

ಆ ವಾರವೆಲ್ಲ ಬನಹಟ್ಟಿ ಕುದಿಯಿತು. ಕುಣಿ ಇದ್ದವರು ಒಂದು ಕಡೆ, ಇಲ್ಲದವರು ಒಂದು ಕಡೆ. ಸಾವುಕಾರರ ಮಗ್ಗದ ಮನೆಯ ಮೇಲೆ ಕಲ್ಲು ಬಿದ್ದವು, ಹಂಚು ಪುಡಿಯಾದವು. ಬೀಳಗಿ ಕಡೆಯವನು ಇಳಿದುಕೊಂಡಿದ್ದ ಪಡಸಾಲೆಗೆ ಯಾರೋ ಬೆಂಕಿ ಹಚ್ಚಿದರು. ಆದರೆ ಅವನು ಅಂದೇ ಓಡಿಹೋಗಿದ್ದ. ಗುಮಾಸ್ತ ನಮ್ಮ ಮನೆಗೆ ಬಂದು ಅಪ್ಪನ ಮುಂದೆ ಕೂತು ಚಹಾ ಕುಡಿದ. ನಾನು ಕಂಡದ್ದನ್ನು ಹೇಳಬಹುದು, ಚಿಗವ್ವನಿಂದ ಕೇಳಿದ್ದನ್ನು ಹೇಳಬಾರದು, ಹೇಳಿದರೆ ಹುಡುಗ ಕಾಲೇಜು ಮುಗಿಸಲಿಕ್ಕಿಲ್ಲ ಎಂದು ಮೆಲ್ಲಗೆ ತಿಳಿಸಿ ಎದ್ದುಹೋದ. ಕೋರ್ಟಿನಲ್ಲಿ ನಾನು ಎರಡನ್ನೂ ಹೇಳಿದೆ. ಚಿಗವ್ವನೂ ಕೈ ಎತ್ತಿ ತೋರಿಸಿ ಎರಡನ್ನೂ ಹೇಳಿದಳು. ಕಡಿದವನಿಗೆ ತುರಂಗವಾಯಿತು. ಸುಳ್ಳು ಹೇಳಿ ಒಬ್ಬಳನ್ನು ಕೆಲಸಕ್ಕೆ ಕೂರಿಸುವುದು ಯಾವ ಸಂಸ್ಥಾನದ ಕಾಯ್ದೆಯಲ್ಲೂ ಅಪರಾಧವಾಗಿರಲಿಲ್ಲ.

ಕೈ ಮಾಯಿತು. ನಿದ್ದೆ ಮಾಯಲಿಲ್ಲ. ಗೋಡೆಯ ಆಚೆಯಿಂದ ರಾತ್ರಿಯೆಲ್ಲ ಆಕೆಯ ನರಳುವಿಕೆ ಕೇಳುತ್ತಿತ್ತು. ಇಲ್ಲದ ಬೆರಳು ಉರಿಯುತ್ತದೆ, ಎಳೆ ತಿರುವುತ್ತಲೇ ಇರುತ್ತದೆ ಎನ್ನುತ್ತಿದ್ದಳು. ಅದು ನಿಂತರೆ ನನಗೆ ಕೆನ್ನೆಯ ಮೇಲೆ ಕುಡುಗೋಲು. ರಜೆಗೆ ಬಂದಾಗಲೆಲ್ಲ ನಾವಿಬ್ಬರೂ ಒಂದೇ ಗೋಡೆಯ ಎರಡು ಕಡೆ ಎಚ್ಚರವಾಗಿರುತ್ತಿದ್ದೆವು. ಕೆಚ್ಚಿಗೆ ಆಕೆಯನ್ನು ಯಾರೂ ಕರೆಯಲಿಲ್ಲ. ಮಗ್ಗದ ಮನೆಯವರು ಬೇರೆ ಹೆಂಗಸನ್ನು ಹುಡುಕಿಕೊಂಡರು. ಎಡಗೈಯಿಂದ ಬತ್ತಿಯನ್ನೂ ಹೊಸೆಯಲಾಗದೆ ಆಕೆ ನಮ್ಮ ಮನೆಗೆ ಬರುವುದನ್ನೇ ಬಿಟ್ಟಳು.

ಆಗ ಬಂದವಳು ಮೂಲಿ ಮಗ್ಗದವನ ಹೆಂಡತಿ. ಬಗಲಲ್ಲಿ ಕೂಸು. ಬಾಡಿಗೆ ಮನೆಯಿಂದ ಹೊರಗೆ ಹಾಕಿದ್ದರು. ಬಾಗಿಲಲ್ಲಿ ಆಕೆಯನ್ನು ಕಂಡದ್ದೇ ಚಿಗವ್ವ ಹಿತ್ತಾಳೆಯ ಚರಿಗೆ ಬೀಸಿ ಒಗೆದಳು. ಹುಬ್ಬು ಒಡೆದು ರಕ್ತ ಕೂಸಿನ ತಲೆಯ ಮೇಲೆ ಸುರಿಯಿತು. ಹೆಂಗಸು ಸೆರಗಿನಿಂದ ಒರೆಸಿಕೊಂಡು ಹೋದಳು. ಮರುದಿನ ಮತ್ತೆ ಬಂದಳು. ಮತ್ತೆ ಬೈಗುಳ, ಮತ್ತೆ ಕೈಗೆ ಸಿಕ್ಕದ್ದು ಹಾರಿತು. ಹಾಗೇ ಬರುತ್ತಿದ್ದಳು. ಒಂದು ದಿನ ಚಿಗವ್ವ ಹೊಸಲಿನ ಮೇಲೆ ಕೂತು, "ಬಟ್ಟು ತೋರ್ಸು ಬೇ," ಎಂದಳು. ಆಕೆ ಚಾಚಿದಳು. ಚಿಗವ್ವ ಎಡಗೈಯಿಂದ ಹಿಡಿದು, ಮಡಚಿ, ಹಿಚುಕಿ ನೋಡಿದಳು. "ನಿನ್ನ ಗಂಡ ತಗೊಂಡದ್ದು ಇನ್ನ ನೀ ತಿರುಗಿ ಕೊಡು," ಎಂದು ಒಳಗೆ ಕರೆದಳು.

ಕಲಿಸುವುದೂ ಮೆತ್ತಗೆ ಇರಲಿಲ್ಲ. ಎಳೆ ಕಡಿದರೆ ಮೊಣಕೈಗೆ ಹೊಡೆತ. ಆದರೆ ಆ ಬೆರಳುಗಳು ಪಳಗಿದವು. ಎರಡು ವರ್ಷದಲ್ಲಿ ರಬಕವಿಯ ಮಗ್ಗದ ಮನೆಗಳಿಂದ ಮತ್ತೆ ಕರೆ ಬರತೊಡಗಿತು. ಚಿಗವ್ವ ಪಕ್ಕದಲ್ಲಿ ಕೂತು ಬಾಯಿಂದ ಕೆಲಸ ಮಾಡುತ್ತಿದ್ದಳು. ಎದುರಿನವನ ಕೈಗಳನ್ನು ಬೈಯುವ ಹಳೆಯ ಮಾತುಗಳು ಕೂಡ ಒಂದೊಂದಾಗಿ ಮರಳಿ ಬಂದವು. ಕೂಸು ಆಕೆಯ ತೊಡೆಯ ಮೇಲೆ ಮಲಗುತ್ತಿತ್ತು. ಮೂವರೂ ಒಂದೇ ಮನೆಯಲ್ಲಿ ಉಂಡು ಮಲಗಿದರು. ನಿದ್ದೆ ಮಾತ್ರ ಆಕೆಗೂ ನನಗೂ ಬರಲಿಲ್ಲ.

ಸಂಸ್ಥಾನಗಳು ಹೋಗುತ್ತವೆ ಎಂದು ಊರೆಲ್ಲ ಮಾತಾಡುತ್ತಿದ್ದ ಬೇಸಿಗೆ ಅದು. ನಾನು ಆಗ ಜಮಖಂಡಿಯಲ್ಲಿ ಮಾಸ್ತರನಾಗಿದ್ದೆ, ರಜೆಗೆ ಮನೆಗೆ ಬಂದಿದ್ದೆ. ಒಂದು ಇಳಿಹೊತ್ತು ಮೂಲಿ ಮಗ್ಗದವ ನಮ್ಮ ಓಣಿಗೆ ಬಂದ. ಎತ್ತರ ಅಷ್ಟೇ ಇತ್ತು. ಉಳಿದದ್ದೆಲ್ಲ ಸೊರಗಿತ್ತು. ಶಿಕ್ಷೆ ಮುಗಿಸಿ ಬಂದು ಎರಡೂ ಊರಿನ ಮಗ್ಗದ ಮನೆಗಳನ್ನು ತಿರುಗಿದ್ದನಂತೆ. ಒಬ್ಬರೂ ಹೊಸಲು ದಾಟಿಸಿರಲಿಲ್ಲ. ಮನೆಮನೆಯ ಬಾಗಿಲು ಮುಚ್ಚಿದ ಸದ್ದು ಕೇಳಿ ನಾನು ಹೊರಗೆ ಬಂದೆ. ಅವನ ಕೈಯಲ್ಲಿ ಒಂದು ಕಂಬಳಿ ಬಿಟ್ಟರೆ ಏನೂ ಇರಲಿಲ್ಲ. ಆದರೂ ನಾನು ಆ ಕೈಯನ್ನೇ ನೋಡುತ್ತಿದ್ದೆ.

ಅವನು ಚಿಗವ್ವನ ಬಾಗಿಲ ಮುಂದೆ ನೆಲದ ಮೇಲೆ ಕೂತ. ಆಕೆ ಹೊರಗೆ ಬಂದಳು. ಅವನನ್ನು ಕಂಡಳು. ಒಳಗೆ ಹೋಗಿ ಒಲೆಯ ಹತ್ತಿರದ ಕಟ್ಟಿಗೆ ತಂದಳು. ಎಡಗೈಯಿಂದ ಹೊಡೆಯತೊಡಗಿದಳು. ಬೆನ್ನಿಗೆ, ಹೆಗಲಿಗೆ, ತಲೆಗೆ. ಉಸಿರು ಮಾತ್ರ ಕೇಳುತ್ತಿತ್ತು. ಕಟ್ಟಿಗೆ ಮುರಿಯಿತು, ಉಳಿದ ತುಂಡಿನಿಂದ ಹೊಡೆದಳು. ಅವನು ಕೈ ಅಡ್ಡ ತರಲಿಲ್ಲ. ಕಿವಿಯ ಹಿಂದಿನಿಂದ ರಕ್ತ ಇಳಿಯಿತು. ಹೆಂಡತಿ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು, ತಡೆಯಲಿಲ್ಲ. ಬಿಡಿಸಲು ಹೊರಟ ನನ್ನನ್ನು ಅವಳೇ ಬೇಡವೆಂದು ಕೈ ಸನ್ನೆ ಮಾಡಿದಳು. ಕೊನೆಗೆ ಚಿಗವ್ವನ ತೋಳು ಸೋತಿತು. ತುಂಡು ಕೆಳಗೆ ಬಿತ್ತು. ಆಕೆ ಅಲ್ಲೇ, ಅವನ ಎದುರಿಗೆ, ಕಾಲು ಚಾಚಿ ಕೂತುಬಿಟ್ಟಳು. ಬಹಳ ಹೊತ್ತು ಇಬ್ಬರೂ ಹಾಗೇ ಕೂತಿದ್ದರು... ಯಾರು ಮೊದಲು ಎದ್ದರೋ ನನಗೆ ನೆನಪಿಲ್ಲ.

ಚಿಗವ್ವ ಹೋಗಿ ಎಷ್ಟೋ ವರ್ಷಗಳಾದವು. ಕೊನೆಗಾಲದಲ್ಲಿ ಎಡಗೈಯಿಂದ ರಾಟಿ ತಿರುಗಿಸಿ, ಮಕ್ಕಳಿಗೆ ಕೊಡುವಷ್ಟೇ ಕೂಲಿಗೆ ನೂಲು ಸುತ್ತುತ್ತಿದ್ದಳು. ಆ ಗೋಡೆಯೂ ಈಗ ಇಲ್ಲ. ಬನಹಟ್ಟಿಯಲ್ಲಿ ಕರೆಂಟಿನ ಮಗ್ಗಗಳು ಸದ್ದು ಮಾಡುತ್ತವೆ. ಮುಂಜಾನೆ ಅವುಗಳ ಬಾಗಿಲಲ್ಲಿ ಕರೆಗಾಗಿ ಕಾಯುವವರು ಈಗಲೂ ನಿಂತಿರುತ್ತಾರೆ, ನಾನು ಮುಖ ತಿರುಗಿಸಿ ದಾಟುತ್ತೇನೆ. ಆಕೆಯನ್ನು ನೆನೆದಾಗ ಮೊದಲು ಬರುವುದು ಆ ಹತ್ತು ನಿಮಿಷ. ಆದರೆ ನೆನಪು ಬಂದು ನಿಲ್ಲುವುದು ಕಟ್ಟಿಗೆಯ ಏಟುಗಳ ಮರುದಿನದ ಮುಂಜಾನೆಗೆ.

ಅಂದು ನಾನು ಎದ್ದಾಗ ಬಿಸಿಲು ಅಂಗಳಕ್ಕೆ ಬಂದಿತ್ತು. ಅಷ್ಟು ತಡವಾಗಿ ನಾನು ಎಂದೂ ಎದ್ದವನಲ್ಲ. ರಾತ್ರಿಯೆಲ್ಲ ಗೋಡೆಯ ಆಚೆಯಿಂದ ಏನೂ ಕೇಳಿಸಿರಲಿಲ್ಲ. ಅವ್ವ ಬಾಗಿಲಲ್ಲಿ ನಿಂತಿದ್ದಳು, ಕಣ್ಣು ಒದ್ದೆಯಾಗಿತ್ತು. ನಸುಕಿನಲ್ಲಿ ಆ ಹೆಂಗಸು ಕೂಸನ್ನೆತ್ತಿಕೊಂಡು ಹೇಳಿ ಹೋಗಲು ಬಂದಿದ್ದಳಂತೆ. ಗಂಡನಿಗೆ ಇಲ್ಲಿ ಯಾರೂ ಕೆಲಸ ಕೊಡುವುದಿಲ್ಲ, ಸೊಲ್ಲಾಪುರದ ಗಿರಣಿಗೆ ಹೋಗುತ್ತೇವೆ, ಕುಡಚಿಯಲ್ಲಿ ರೈಲು ಹಿಡಿಯಬೇಕು ಎಂದಳಂತೆ. ಚಿಗವ್ವನಿಗೆ ಹೇಳಿದೆಯಾ ಎಂದು ಅವ್ವ ಕೇಳಿದ್ದಳು.

"ಎಬ್ಬಸಬ್ಯಾಡ್ರಿ ಅಕ್ಕಾರ," ಎಂದಿದ್ದಳು ಆಕೆ. "ನಾ ಬಂದಾಗಿಂದ ಚಿಗವ್ವ ಒಂದ ರಾತ್ರಿ ಹಿಂಗ ಮಲಗಿಲ್ಲ."

ನಾನು ಹೋಗಿ ಬಾಗಿಲ ಸಂದಿಯಿಂದ ನೋಡಿದೆ. ಚಿಗವ್ವ ಬಲಗೈಯನ್ನು ಕೆನ್ನೆಯ ಕೆಳಗಿಟ್ಟು, ಬಾಯಿ ತೆರೆದು ಮಲಗಿದ್ದಳು. ಪಕ್ಕದ ಹಾಸಿಗೆ ಮಡಚಿಟ್ಟಿತ್ತು. ಈಗ ಹೇಳೋಣವೋ, ಎದ್ದ ಮೇಲೆ ಹೇಳೋಣವೋ ಎಂದು ಅವ್ವ ಕೇಳಿದಳು. ಮಲಗಲಿ ಎಂದೆ. ನಾವಿಬ್ಬರೂ ಹೊಸಲಿನ ಮೇಲೆ ಕೂತು ಕಾದೆವು.